ಮುಟ್ಟು ನಿಂತ ಮೇಲೆ ಥೈರಾಯ್ಡ್ ಮಾತ್ರೆ: ಯಾವಾಗ ನುಂಗಬೇಕು, ಯಾವುದರ ಜೊತೆ ಬೇಡ

ಸುಸ್ತು, ಏರುವ ತೂಕ, ಉದುರುವ ಕೂದಲು. ಮುಟ್ಟು ನಿಂತಾಗಲೂ ಇವೇ, ಥೈರಾಯ್ಡ್ ಕಡಿಮೆಯಾದಾಗಲೂ ಇವೇ. ಸೆಕೆಯಲ್ಲೂ ಚಳಿ ಅನ್ನಿಸಿ, ಜೊತೆಗೆ ಮಲಬದ್ಧತೆಯೂ ಇದ್ದರೆ ಥೈರಾಯ್ಡ್ ಮೇಲೆ ಅನುಮಾನ ಹೆಚ್ಚು. ಆದರೂ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನ್) ರಕ್ತಪರೀಕ್ಷೆ ಇಲ್ಲದೆ ತೀರ್ಮಾನ ಬೇಡ.

ಥೈರಾಯ್ಡ್ ಕಡಿಮೆಯಿದ್ದರೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ, ನೀರಿನ ಜೊತೆ ನುಂಗಬೇಕು. ಆಮೇಲೆ 30ರಿಂದ 60 ನಿಮಿಷ ಕಾಫಿಯೂ ಬೇಡ. ಕೋಲಾರದ ಕಡೆ ಹಸು ಕಟ್ಟಿರುವ ಮನೆಗಳಲ್ಲಿ ಇದು ಸುಲಭ: ಎದ್ದು ಕೊಟ್ಟಿಗೆಗೆ ಹೋಗುವ ಮುಂಚೆ ನುಂಗಿಬಿಡಿ. ಹಾಲು ಕರೆದು, ಡೈರಿಗೆ ಹಾಕಿ ಬರುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ಆಗ ಕಾಫಿ ಕುಡಿಯಿರಿ.

ಹೆಚ್ಚಿನವರು ಎಡವುವುದು ಕ್ಯಾಲ್ಸಿಯಂನಲ್ಲಿ. ಮೂಳೆ ಸವೆತಕ್ಕೆಂದು ಕೊಟ್ಟ ಆ ಮಾತ್ರೆಯನ್ನೂ ಮರೆಯಬಾರದೆಂದು ಬೆಳಗ್ಗೆ ಒಟ್ಟಿಗೇ ನುಂಗುತ್ತಾರೆ. ಹೊಟ್ಟೆಯೊಳಗೆ ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಟಿಎಸ್‌ಎಚ್ ಏರುತ್ತದೆ, ಡಾಕ್ಟರ್ ಡೋಸ್ ಏರಿಸುತ್ತಾರೆ. ತಪ್ಪಿದ್ದು ಡೋಸ್ ಅಲ್ಲ, ಹೊತ್ತು. ಎರಡರ ನಡುವೆ 4 ಗಂಟೆ ಇರಲಿ, ಕಬ್ಬಿಣಾಂಶದ ಮಾತ್ರೆಗೂ ಅಷ್ಟೇ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಸರಿಹೋಗುತ್ತದೆ. ದಿನಾ ಗ್ಯಾಸ್ ಮಾತ್ರೆ ತಗೊಳ್ಳುವವರು ಅದನ್ನೂ ಡಾಕ್ಟರಿಗೆ ಹೇಳಿ.

ಮುದ್ದೆ ಬಿಡಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮಾತ್ರೆಯ ಹಿಂದೆಯೇ ರಾಗಿ ಗಂಜಿ ಕುಡಿಯಬೇಡಿ, ಅಷ್ಟೇ. ಕೋಸು ಥೈರಾಯ್ಡ್‌ಗೆ ಆಗದು ಎಂದು ಯಾರಾದರೂ ಹೇಳಿದರೆ, ಬೇಯಿಸಿದ ಕೋಸಿನ ಪಲ್ಯಕ್ಕೂ ಹೆದರಬೇಡಿ.

ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ಟೆಸ್ಟ್ ಮಾಡಿಸಿ. ಅದಕ್ಕೂ ಮುಂಚೆ ಮಾಡಿಸಿದರೆ ದುಡ್ಡು ದಂಡ, ಟಿಎಸ್‌ಎಚ್ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರು ಕನಿಷ್ಠ 2 ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ರಿಪೋರ್ಟ್ ಸುಳ್ಳು ಹೇಳುತ್ತದೆ.

ಸುಸ್ತು ಹೋಗಲಿಲ್ಲವೆಂದು ನೀವೇ ಒಂದೂವರೆ ಮಾತ್ರೆ ಮಾಡಿಕೊಳ್ಳಬೇಡಿ. ಈ ವಯಸ್ಸಿನಲ್ಲಿ ಡೋಸ್ ಹೆಚ್ಚಾದರೆ ಮೂಳೆ ಬೇಗ ಸವೆಯುತ್ತದೆ, ಎದೆಬಡಿತ ತಾಳ ತಪ್ಪುತ್ತದೆ. ಎದೆ ಡವಡವ, ಕೈನಡುಕ, ಕಾರಣವಿಲ್ಲದೆ ತೂಕ ಇಳಿಕೆ ಕಂಡರೆ ಕೂಡಲೇ ತೋರಿಸಿ. ಹೃದಯದ ತೊಂದರೆ ಇರುವವರಿಗೆ ಸಾಮಾನ್ಯವಾಗಿ 12.5 ಅಥವಾ 25 ಮೈಕ್ರೋಗ್ರಾಂನಿಂದಲೇ ಶುರು ಮಾಡುತ್ತಾರೆ.

ಬಾಟಲಿಯನ್ನು ಒಲೆಯ ಪಕ್ಕ ಇಡಬೇಡಿ, ಬಿಸಿಗೂ ತೇವಕ್ಕೂ ಮಾತ್ರೆಯ ಶಕ್ತಿ ಕುಂದುತ್ತದೆ. ಮುಗಿದಾಗ ಅದೇ ಕಂಪನಿಯದನ್ನೇ ಕೇಳಿ, ಅಂಗಡಿಯಲ್ಲೇ ಲೇಬಲ್ ಓದಿ: 25ರ ಬದಲು 125 ಕೈಗೆ ಬಂದರೆ ಐದು ಪಟ್ಟು ನುಂಗಿದಂತೆ.