ಮುತ್ಯಾನ ಕೋಲಿಗೆ ರುಮಾಲು ಗಂಟು

ಬಾಗಲಕೋಟೆಗೆ ಸಮುದ್ರ ದೂರ, ಆದರೆ ಹಗ್ಗದ ನಂಟು ನಮಗೇನು ಕಡಿಮೆಯಿಲ್ಲ. ಪುಂಡಿ ನಾರು ಹೊಸೆದು ದನಕ್ಕೆ ಕಣ್ಣಿ ಮಾಡುತ್ತಿದ್ದ ಮುತ್ಯಾನ ಪಕ್ಕ ಕೂತು ಬೆಳೆದವನು ನಾನು. ಈಗ ಮುತ್ಯಾನ ಕಣ್ಣು ಮಂಜಾಗಿದೆ. ರಾತ್ರಿ ಎದ್ದರೆ ಕೋಲಿನ ಹಿಡಿ ಯಾವ ಕಡೆ ಅಂತ ತಡಕಾಡುತ್ತಿದ್ದ.

ಹಳೇ ಹಾಯಿ ಹಡಗಿನ ಚುಕ್ಕಾಣಿ ಚಕ್ರಕ್ಕೆ ಸುತ್ತಲೂ ಹಿಡಿಗಳಿರುತ್ತಿದ್ದವು. ಅದರಲ್ಲಿ ಒಂದಕ್ಕೆ ಮಾತ್ರ ನಾವಿಕರು ಹಗ್ಗವನ್ನು ಬಳೆಯಂತೆ ಹೆಣೆಯುತ್ತಿದ್ದರು. ಆ ಹಿಡಿ ನೆಟ್ಟಗೆ ಮೇಲಿದ್ದರೆ ಚುಕ್ಕಾಣಿ ನೇರ ಇದೆ ಅಂತ ಲೆಕ್ಕ. ಕತ್ತಲಲ್ಲೂ ಕೈಗೇ ತಿಳಿಯುತ್ತಿತ್ತು. ಆ ಗಂಟಿನ ಹೆಸರು ಟರ್ಕ್ಸ್ ಹೆಡ್. ರುಮಾಲು ಸುತ್ತಿದ ತಲೆಯಂತೆ ಕಾಣುತ್ತದೆ, ಅದಕ್ಕೇ ಮನೆಯಲ್ಲಿ ನಾವು ರುಮಾಲು ಗಂಟು ಅಂತೀವಿ.

ಅದನ್ನೇ ಮುತ್ಯಾನ ಕೋಲಿನ ಹಿಡಿಗೆ ಹಾಕೋಣ ಅಂತ 4 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗ 2 ಮೀಟರ್ ತಂದೆ. ಕೋಲಿಗಿಂತ ಸ್ವಲ್ಪ ದಪ್ಪನೆಯ ರಟ್ಟಿನ ಕೊಳವೆ ತಗೊಂಡು ಎರಡೂ ಅಂಚಿಗೆ ಆರಾರು ಗುಂಡುಪಿನ್ನು ಚುಚ್ಚಿದೆ. ಮೂರು ಎಳೆ, ಆರು ಬಾಗು ಅಂತ ಅಂದಾಜು. ಎಳೆ ಅಂದರೆ ಜಡೆಯಲ್ಲಿ ಪಕ್ಕಪಕ್ಕ ಸಾಗುವ ಹಗ್ಗದ ಸಾಲು, ಬಾಗು ಅಂದರೆ ಅಂಚಿನ ಪಿನ್ನು ಬಳಸಿ ಹಗ್ಗ ತಿರುಗುವ ಜಾಗ. ಒಂದೇ ಸುತ್ತಿಗೆ ತುದಿ ಹೊರಟ ಜಾಗಕ್ಕೇ ಬಂದುಬಿಟ್ಟಿತು! ಒಂದೊಂದು ಅಂಚಿನಲ್ಲೂ ನಾಲ್ಕು ಪಿನ್ನು ಖಾಲಿ. ಮೂರು, ಆರು ಎರಡೂ ಮೂರರಿಂದ ಭಾಗವಾಗುತ್ತವೆ ಅಲ್ವಾ, ಹಾಗಿದ್ದರೆ ಒಂದೇ ಹಗ್ಗದಲ್ಲಿ ಈ ಗಂಟು ಮುಗಿಯುವುದೇ ಇಲ್ಲ. ಬಾಗು ಐದಕ್ಕೆ ಇಳಿಸಿದೆ. ಹಗ್ಗ ಮೂರು ಸುತ್ತು ಬಂದು, ಎಲ್ಲಾ ಪಿನ್ನು ಮುಟ್ಟಿ, ಸರಿಯಾಗಿ ಶುರುವಿಗೆ ಸೇರಿತು. ಹೆಣಿಗೆ ಜಡೆಯಂತೆಯೇ, ಒಂದರ ಮೇಲೆ, ಇನ್ನೊಂದರ ಕೆಳಗೆ. ಆಮೇಲೆ ಅದೇ ದಾರಿ ಹಿಡಿದು ಇನ್ನೆರಡು ಸಲ ಹಗ್ಗ ಓಡಿಸಿದೆ.

ನಿಜವಾದ ಕೆಲಸ ಬಿಗಿ ಮಾಡುವುದರಲ್ಲಿದೆ. ಕೋಲಿಗೆ ಏರಿಸಿ ಸುಮ್ನೆ ತುದಿ ಎಳೆದೆ, ಒಂದು ಎಳೆ ಒಳಗೆ ಹೂತು ಉಳಿದವು ಉಬ್ಬಿದವು. ಬಿಚ್ಚಿ ಮತ್ತೆ ಕೂತೆ. ಈ ಸಲ ಶುರುವಿನಿಂದ ದಬ್ಬಣದಲ್ಲಿ ಸಡಿಲನ್ನು ಚೂರುಚೂರೇ ಮುಂದೆ ತಳ್ಳುತ್ತಾ ಹೋದೆ. ಒಂದು ಸುತ್ತಿಗೆ ಬಿಗಿಯಾಗಲಿಲ್ಲ, ನಾಲ್ಕು ಸುತ್ತು ಬೇಕಾಯಿತು. ಜಾಸ್ತಿ ಅವಸರ ಮಾಡಿದರೆ ಗಂಟು ಸೊಟ್ಟಗಾಗುತ್ತದೆ. ಕೊನೆಗೆ ಎರಡೂ ತುದಿಯನ್ನು ಒಳಗೆ ಸೇರಿಸಿ ಕತ್ತರಿಸಿದೆ.

ಮುತ್ಯಾ ಬೆರಳಾಡಿಸಿ ನೋಡಿದ. "ಚಲೋ ಹೆಣದೀಪಾ. ಇದರ ತುದಿ ಎಲ್ಲೈತಿ?" ಅಂದ. ತುದಿ ಸಿಗದೆ ಮತ್ತೆ ಮತ್ತೆ ಹುಡುಕಿದ. ಹಿತ್ತಲ ಬಾಗಿಲ ಅಗಳಿಗೂ ಒಂದು ಹಾಕು ಅಂದಿದ್ದಾನೆ. ಅದು ತೆಳು, ಮೂರು ಎಳೆಗೆ ನಾಲ್ಕು ಬಾಗು ಸಾಕು.