ತಿಂಗಳ ಸಾಮಾನು ಮನೆ ಬಾಗಿಲಿಗೆ: ನನ್ನ ಅನುಭವ

ನಮ್ಮನೆ ಇರೋದು ಬೆಂಗಳೂರಿನ ಹನುಮಂತನಗರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಇದನ್ನ ಮೊದ್ಲೇ ಯಾಕೆ ಹೇಳ್ತಿದೀನಿ ಅಂದ್ರೆ, ಸಾಮಾನು ಆನ್‌ಲೈನಲ್ಲಿ ತರಿಸೋದು ಒಳ್ಳೇದಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ನಿಮ್ಮನೆ ಎಷ್ಟನೇ ಮಹಡಿ ಅಂತ. 26 ಕೆಜಿ ಅಕ್ಕಿ ಮೂಟೆ, ಐದು ಲೀಟರ್ ಎಣ್ಣೆ ಕ್ಯಾನು, ಹತ್ತು ಕೆಜಿ ಗೋಧಿ ಹಿಟ್ಟು, ಇಷ್ಟನ್ನ ಹೊತ್ಕೊಂಡು ಮೆಟ್ಟಿಲು ಹತ್ತಿದವ್ರಿಗೆ ಗೊತ್ತು ಇದರ ಬೆಲೆ.

ಹಾಗಂತ ಮನೆಗೆ ಸಾಮಾನು ಬರೋದು ನಮಗೇನೂ ಹೊಸದಲ್ಲ. ಮುಂಚೆ ಗಾಂಧಿ ಬಜಾರಿನ ಅಂಗಡೀಲಿ ಅತ್ತೆ ಚೀಟಿ ಕೊಟ್ಟು ಬರೋರು, ಸಂಜೆ ಹೊತ್ತಿಗೆ ಹುಡುಗ ಸೈಕಲ್ಲಲ್ಲಿ ತಂದು ಇಳಿಸ್ತಿದ್ದ. ಅಂಗಡಿಯವ್ರಿಗೆ ಈ ಮನೇಲಿ ಹಳೇ ಅಕ್ಕೀನೇ ಆಗ್ಬೇಕು, ಹೊಸ ಅಕ್ಕಿ ಕೊಟ್ರೆ ಅನ್ನ ಮುದ್ದೆ ಆಗತ್ತೆ ಅಂತ ವಾಪಸ್ ಬರತ್ತೆ ಅಂತ ಗೊತ್ತಿತ್ತು, ಚೀಟೀಲಿ ಬರೀ ಮೆಣಸಿನಕಾಯಿ ಅಂತ ಇದ್ರೂ ಅರ್ಧ ಬ್ಯಾಡಗಿ ಅರ್ಧ ಗುಂಟೂರು ಕಟ್ಟಿ ಕಳಿಸೋರು. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತು, ಆ ಹುಡುಗ ಊರಿಗೆ ಹೋದ, ಅತ್ತೆಗೆ ಮಂಡಿ ಆಪರೇಷನ್ ಆಗಿ ಎರಡೇ ತಿಂಗಳಾಗಿತ್ತು. ರಾತ್ರಿ ಹನ್ನೆರಡಕ್ಕೆ ಅಲಾರಂ ಇಟ್ಕೊಂಡು ಎದ್ದು ಆ್ಯಪಲ್ಲಿ ಡೆಲಿವರಿ ಸ್ಲಾಟ್ ಹುಡುಕ್ತಿದ್ದೆ. ಆಗ ಶುರು ಆಗಿದ್ದು ಇವತ್ತಿಗೂ ನಿಂತಿಲ್ಲ.

ಇಷ್ಟು ವರ್ಷದಲ್ಲಿ ನನಗೆ ಅರ್ಥ ಆಗಿದ್ದು ಇಷ್ಟೇ, ಆ್ಯಪು ನಮ್ಮ ಭಾರ ಹೊರತ್ತೆ, ಆದ್ರೆ ಆ ಅಂಗಡಿಯವ್ರು ಮಾಡ್ತಿದ್ದ ನೋಡಿ ಆರಿಸೋ ಕೆಲಸ ನಮ್ಮ ತಲೆ ಮೇಲೇ ಬರತ್ತೆ.

ಎಣ್ಣೆ ವಿಷ್ಯಾನೇ ತಗೊಳ್ಳಿ. ಸಾಲಾಗಿ ಫೋಟೋ ಇರತ್ತೆ, ಎಲ್ಲಾ ಪ್ಯಾಕೆಟ್ಟೂ ಒಂದೇ ಥರ ಕಾಣತ್ತೆ. ಒಂದ್ಸಲ 155 ರೂಪಾಯಿಯ ಒಂದು ಲೀಟರ್ ಪ್ಯಾಕೆಟ್ ಬಿಟ್ಟು 148ರದ್ದು ತರಿಸ್ದೆ, ಏಳು ರೂಪಾಯಿ ಉಳೀತು ಅಂದ್ಕೊಂಡೆ. ಕೈಗೆ ಬಂದಾಗ ಯಾಕೋ ಹಗುರ ಅನ್ನಿಸ್ತು, ತಿರುಗಿಸಿ ನೋಡಿದ್ರೆ 850 ಗ್ರಾಂ. ಒಂದು ಲೀಟರ್ ಅಂದ್ರೆ ಸುಮಾರು 910 ಗ್ರಾಂ. ಕೆಜಿ ಲೆಕ್ಕಕ್ಕೆ ಹಾಕಿದ್ರೆ ನಾನು ಬಿಟ್ಟಿದ್ದು 170 ರೂಪಾಯಿ, ತಗೊಂಡಿದ್ದು 174. ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕ ಗ್ರಾಂಗೆ ಎಷ್ಟು ಅಂತ ಸಣ್ಣಕ್ಷರದಲ್ಲಿ ಇರತ್ತೆ, ಅಂಗಡೀಲಿ ಕೈಯಲ್ಲಿ ಹಿಡಿದಾಗ ಕಾಣತ್ತೆ, ಫೋನಲ್ಲಿ ಫೋಟೋ ಒತ್ತಿ ದೊಡ್ಡದು ಮಾಡಿದ್ರೇನೇ ಕಾಣೋದು. ಈಗ ನಾನು ಎಣ್ಣೆ, ಬಿಸ್ಕೆಟ್ಟು, ಸೋಪಿನ ಪುಡಿ ಯಾವ್ದೇ ಆಗ್ಲಿ ಮೊದ್ಲು ತೂಕ ನೋಡ್ತೀನಿ, ಆಮೇಲೆ ಬೆಲೆ.

ಅಕ್ಕಿ ಮೂಟೆ 26 ಕೆಜಿ ಯಾಕೆ ಅಂತ ನಮ್ಮನೆಯವ್ರು ಕೇಳ್ತಿದ್ರು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5% ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಅದಕ್ಕೇ ತಿಂಗಳ ಖರ್ಚಿಗೆ ಐದೈದು ಕೆಜಿ ಪ್ಯಾಕೆಟ್ ಬದ್ಲು ನಾನು ಮೂಟೆನೇ ಹಾಕೋದು. ಹಳೇ ಅಕ್ಕಿನಾ ಅಂತ ವಿವರ ಓದಿ ನೋಡ್ತೀನಿ, ಆದ್ರೂ ಹೊಸ ಬ್ರ್ಯಾಂಡ್ ಆದ್ರೆ ಮೊದ್ಲು ಒಂದೇ ಕೆಜಿ ತರಿಸಿ ಅನ್ನ ಮಾಡಿ ನೋಡಿ ಆಮೇಲೆ ಮೂಟೆ.

ಹತ್ತು ನಿಮಿಷದಲ್ಲಿ ತಂದುಕೊಡೋ ಆ್ಯಪುಗಳ ಕಥೆ ಬೇರೆ. ಕೊತ್ತಂಬರಿ ಮರೆತೆ, ಆರ್ಡರ್. ಮೊಸರು ಮುಗೀತು, ಆರ್ಡರ್. ಒಂದು ತಿಂಗಳು ಹಾಲಿನ ಲೆಕ್ಕದ ಪುಸ್ತಕದಲ್ಲೇ ಇದನ್ನೂ ಬರೆದಿಟ್ಟೆ, 23 ಸಲ ತರಿಸಿದೀವಿ, ಹ್ಯಾಂಡ್ಲಿಂಗ್ ಚಾರ್ಜು, ಮಳೆ ಚಾರ್ಜು, ಕಮ್ಮಿ ಸಾಮಾನು ತರಿಸಿದ್ದಕ್ಕೆ ಚಾರ್ಜು ಅಂತ ಅದೇ 640 ರೂಪಾಯಿ ಆಗಿದೆ. ಫ್ರೀ ಡೆಲಿವರಿ ಸಿಗ್ಲಿ ಅಂತ ಸೇರಿಸಿದ ಚಿಪ್ಸು ಚಾಕ್ಲೇಟು ಇದರಲ್ಲಿ ಸೇರಿಲ್ಲ. ಈಗ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದೀನಿ, ಏನು ಮುಗಿದ್ರೂ ಅಲ್ಲಿ ಬರೀಬೇಕು, ತಿಂಗಳಿಗೆ ಎರಡೇ ಸಲ ಆರ್ಡರ್. ಜ್ವರದ ದಿನ ಬಿಟ್ರೆ ಬೇರೆ ಯಾವಾಗ್ಲೂ ಆ ಹತ್ತು ನಿಮಿಷದ ಆ್ಯಪ್ ತೆಗೆಯಲ್ಲ.

ಎಕ್ಸ್‌ಪೈರಿ ಡೇಟ್ ನೋಡೋದು ನಾನು ಕೆಟ್ಟ ಮೇಲೆ ಕಲಿತ ಬುದ್ಧಿ. ಒಂದ್ಸಲ ಎರಡು ಪ್ಯಾಕೆಟ್ ರಾಗಿ ಹಿಟ್ಟು ಬಂತು, ಡಬ್ಬಕ್ಕೆ ಸುರಿದು ಕವರ್ ಬಿಸಾಕೋ ಮುಂಚೆ ನೋಡಿದ್ರೆ ಇನ್ನು ಹನ್ನೆರಡೇ ದಿನ ಬಾಕಿ. ಕಂಪ್ಲೇಂಟ್ ಹಾಕಿದ್ರೆ ದುಡ್ಡು ವ್ಯಾಲೆಟ್‌ಗೆ ಹಾಕ್ತೀವಿ ಅಂದ್ರು, ಅಂದ್ರೆ ಮತ್ತೆ ಅವ್ರ ಹತ್ರಾನೇ ಖರ್ಚು ಮಾಡ್ಬೇಕು. ನಾನು ಒಪ್ಲಿಲ್ಲ, 1915 ಗ್ರಾಹಕರ ಸಹಾಯವಾಣಿಗೆ ದೂರು ಕೊಡ್ತೀನಿ ಅಂದ ಮೇಲೆ ಬ್ಯಾಂಕಿಗೆ ವಾಪಸ್ ಬಂತು. ಕೈಗೆ ತಲುಪೋವಾಗ ಆಯಸ್ಸಿನ ಕನಿಷ್ಠ 30 ಪರ್ಸೆಂಟು ಅಥವಾ ಎಕ್ಸ್‌ಪೈರಿಗೆ 45 ದಿನ ಬಾಕಿ ಇರ್ಬೇಕು ಅಂತ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) 2024ರಲ್ಲಿ ಈ ಕಂಪನಿಗಳಿಗೆ ಹೇಳಿದೆ, ನೆನಪಿಟ್ಕೊಳ್ಳಿ, ವಾದ ಮಾಡೋವಾಗ ಉಪಯೋಗಕ್ಕೆ ಬರತ್ತೆ. ಈಗ ಚೀಲ ಬಂದ ತಕ್ಷಣ ಬಾಗಿಲಲ್ಲೇ ಮೊಟ್ಟೆ, ಹಾಲು, ಹಿಟ್ಟು ಮಾತ್ರ ಬೇಗ ನೋಡ್ತೀನಿ. ತಂದ ಹುಡುಗನ್ನ ಜಾಸ್ತಿ ನಿಲ್ಲಿಸಲ್ಲ, ಅವನ ತಪ್ಪು ಅದರಲ್ಲಿ ಏನೂ ಇಲ್ಲ, ಮೂರು ಮಹಡಿ ಹತ್ತಿರ್ತಾನೆ, ಮೊದ್ಲು ಒಂದು ಲೋಟ ನೀರು. ಅಕ್ಕಿ ಮೂಟೆ ಇದ್ದ ದಿನ ನಮ್ಮನೆಯವ್ರು ಕೆಳಗೆ ಹೋಗಿ ಒಂದು ಕೈ ಹಿಡೀತಾರೆ.

ಸೊಪ್ಪು ತರಕಾರಿ ಮಾತ್ರ ನಾನು ಆ್ಯಪಲ್ಲಿ ತರಿಸಲ್ಲ. ಮೆಂತ್ಯ ಸೊಪ್ಪು ಪ್ಲಾಸ್ಟಿಕ್ ಕವರಲ್ಲಿ ಬೆವತು, ಮಧ್ಯದ ಎಲೆ ಎಲ್ಲಾ ಕಪ್ಪಾಗಿ ಅಂಟಂಟಾಗಿ ಬಂದಿತ್ತು, ಅರ್ಧ ಕಟ್ಟು ಎಸೆಯೋ ಹಾಗಾಯ್ತು. ಅವರೆಕಾಯಿ ಅಂತೂ ಬೇಡವೇ ಬೇಡ. ಡಿಸೆಂಬರಲ್ಲಿ ಆಸೆಪಟ್ಟು ಎರಡು ಕೆಜಿ ತರಿಸಿದ್ದೆ, ನೋಡೋಕೆ ಚೆನ್ನಾಗಿ ಹಸಿರಾಗಿತ್ತು, ಬಿಡಿಸಿ ಮುಗಿಸಿದ ಮೇಲೆ ಕೈ ಮೂಸಿ ನೋಡಿದ್ರೆ ಸೊಗಡೇ ಇಲ್ಲ. ಕಾಯಿ ಉಜ್ಜಿ ಮೂಸಿ ಮೂಸಿ ತಗೊಳ್ಳೋ ಸಾಮಾನನ್ನ ಫೋಟೋ ನೋಡಿ ತಗೋಬಾರ್ದು. ಬೆಳಿಗ್ಗೆ ಏಳಕ್ಕೆ ಸೊಪ್ಪಿನಮ್ಮ ಕೂಗ್ಕೊಂಡು ಬರ್ತಾರೆ, ಅತ್ತೆ ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಬಿಡ್ತಾರೆ, ದಂಟು ಎಳೇದಾ ಅಂತ ಮೇಲಿಂದ್ಲೇ ವಿಚಾರಣೆ ಆಗತ್ತೆ, ಹಣ್ಣು ಬೇಕಂದ್ರೆ ನಾನೇ ಹಾಪ್‌ಕಾಮ್ಸ್‌ಗೆ ಹೋಗಿ ಬರ್ತೀನಿ.

ಒಂದು ವಿಷಯಕ್ಕೆ ಮಾತ್ರ ಈ ಆ್ಯಪುಗಳಿಗೆ ನಾನು ಋಣಿ. ಅಮ್ಮ ಮೈಸೂರಲ್ಲಿ ಒಬ್ರೇ ಇದಾರೆ, ಎಪ್ಪತ್ತನಾಲ್ಕು ವರ್ಷ. ಪ್ರತಿ ತಿಂಗಳು ಐದನೇ ತಾರೀಕು ಫೋನಲ್ಲಿ ಅಮ್ಮ ಒಂದೊಂದೇ ಹೇಳ್ತಾರೆ, ನಾನು ಇಲ್ಲಿಂದ ಹಾಕ್ತೀನಿ, ಹುಡುಗ ದಾರಿ ಕೇಳಿ ಫೋನ್ ಮಾಡಿದ್ರೂ ನನಗೇ ಬರತ್ತೆ. ಹೋದ ತಿಂಗಳು ಉದ್ದಿನಬೇಳೆ ಹೋಳು ಬಂದಿತ್ತು, ಗುಂಡು ಬೇಕಿತ್ತಂತೆ, ಒಂದು ವಾರ ಆದ್ಮೇಲೆ ಹೇಳಿದ್ರು. ಈ ಸಲ ಎಲ್ಲಾ ಓದಿ ಹೇಳಿ, ಫೋಟೋ ಕಳಿಸಿ, ಅಮ್ಮ ಹೂಂ ಅಂದ ಮೇಲೇ ಹಾಕಿದೀನಿ, ನಾಳೆ ಹತ್ತು ಗಂಟೆ ಸ್ಲಾಟು. ಅಮ್ಮ ಆಗ್ಲೇ ಬೇಳೆ ಡಬ್ಬ ತೊಳ್ದು ಬಿಸಿಲಿಗೆ ಇಟ್ಟಿದಾರಂತೆ.