ಲಿಬ್ರೆಆಫೀಸ್‌ಗೆ ಮೊದಲ ಕೊಡುಗೆ: ಎಲ್ಲಿಂದ ಆರಂಭಿಸಬೇಕು?

ಮುಕ್ತ ತಂತ್ರಾಂಶದ ಸಮುದಾಯ ಸೇರಲು ಪ್ರೋಗ್ರಾಮಿಂಗ್ ಬರಲೇಬೇಕು ಎಂಬ ನಂಬಿಕೆಯಿಂದಾಗಿ, ದಿನವಿಡೀ ಕನ್ನಡದಲ್ಲಿ ಟೈಪ್ ಮಾಡುವ ಶಿಕ್ಷಕರು, ಡಿಟಿಪಿ ಕೆಲಸಗಾರರು, ಕಚೇರಿ ಸಿಬ್ಬಂದಿ ತಮ್ಮ ಕಣ್ಣಿಗೆ ಬೀಳುವ ದೋಷಗಳನ್ನು ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾರೆ. ಕನ್ನಡ ಓದಲು ಬಾರದ ಯುರೋಪಿನ ಡೆವಲಪರ್‌ಗೆ ಒತ್ತಕ್ಷರ ತಪ್ಪಾಗಿ ಮೂಡಿದ್ದು ಗೊತ್ತಾಗುವ ದಾರಿಯೇ ಇಲ್ಲ. ಅದನ್ನು ತಿಳಿಸಬಲ್ಲವರು ನಾವೇ. ಓಪನ್‌ಆಫೀಸ್‌ನಿಂದ 2010ರ ಸೆಪ್ಟೆಂಬರ್‌ನಲ್ಲಿ ಕವಲೊಡೆದ, ಬರ್ಲಿನ್‌ನ ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿರುವ ಮುಕ್ತ ಕಚೇರಿ ತಂತ್ರಾಂಶ ಲಿಬ್ರೆಆಫೀಸ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸದ ಕ್ರಮವನ್ನು ನೋಡೋಣ.

ಮೊದಲ ಹೆಜ್ಜೆ, ದೋಷವನ್ನು ಖಚಿತಪಡಿಸಿಕೊಳ್ಳುವುದು. ಇತ್ತೀಚಿನ ಆವೃತ್ತಿಯನ್ನು ಹಾಕಿಕೊಂಡು, ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ನಲ್ಲಿ (ನಿಮ್ಮ ಸೆಟ್ಟಿಂಗ್‌ಗಳನ್ನು ಬಳಸದ ತಾತ್ಕಾಲಿಕ ಸ್ಥಿತಿಯಲ್ಲಿ) ತೆರೆದು, ದೋಷ ಆಗಲೂ ಉಳಿದಿದೆಯೇ ಎಂದು ಪರೀಕ್ಷಿಸಿ. ‘ರ‍್ಯಾಂಕ್’ ಎಂದು ಟೈಪ್ ಮಾಡಿದ ಪದ ಅರ್ಕಾವತ್ತಿನೊಂದಿಗೆ ‘ರ್ಯಾಂಕ್’ ಎಂದು ಮೂಡುತ್ತಿದೆ ಎಂದಿಟ್ಟುಕೊಳ್ಳಿ. ಸರಿಯಾದ ರೂಪ ಮೂಡಬೇಕಾದರೆ ‘ರ’ ಅಕ್ಷರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇರಬೇಕು. ಲಿಬ್ರೆಆಫೀಸ್‌ನಲ್ಲಿ ಪಠ್ಯ ಬರೆಯುವ ಭಾಗವಾದ ರೈಟರ್‌ನಲ್ಲಿ ಆ ಅಕ್ಷರಗಳನ್ನು ಆಯ್ದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅವುಗಳ ಯೂನಿಕೋಡ್ ಸಂಖ್ಯೆಗಳು ಕಾಣಿಸುತ್ತವೆ. ಅಲ್ಲಿ ಆ ಜೋಡಕದ ಸಂಖ್ಯೆಯಾದ 200ಡಿ (200D) ಇಲ್ಲವಾದರೆ ಜೋಡಕವೇ ಪಠ್ಯದೊಳಗೆ ಬಂದಿಲ್ಲ, ಆಗ ನೋಡಬೇಕಾದದ್ದು ನೀವು ಬಳಸುವ ಕೀಲಿಮಣೆ ತಂತ್ರಾಂಶವನ್ನು.

ಜೋಡಕವಿದ್ದೂ ಅಕ್ಷರ ತಪ್ಪಾದರೆ ಫಾಂಟ್ ಬದಲಿಸಿ ನೋಡಿ. ನೋಟೊ ಸ್ಯಾನ್ಸ್ ಕನ್ನಡದಲ್ಲಿ ಸರಿಯಾಗಿ ಬಂದು ಇನ್ನೊಂದರಲ್ಲಿ ಕೆಟ್ಟರೆ, ದೋಷ ಬಹುತೇಕ ಆ ಫಾಂಟಿನದು. ಅಕ್ಷರಗಳನ್ನು ಜೋಡಿಸಿ ಒತ್ತಕ್ಷರವಾಗಿಸುವ ಕೆಲಸವನ್ನು ಲಿಬ್ರೆಆಫೀಸ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಹಾರ್ಫ್‌ಬಜ್ ಎಂಬ ಪ್ರತ್ಯೇಕ ಮುಕ್ತ ತಂತ್ರಾಂಶ ಮಾಡುತ್ತದೆ. ಹಾಗಾಗಿ ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲೂ ಅದೇ ತಪ್ಪು ಕಂಡರೆ ರೈಟರ್‌ನ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಇಷ್ಟು ಮಾಡಿ ಬರೆದ ವರದಿ ಸರಿಯಾದವರ ಕೈಗೆ ಬೇಗ ತಲುಪುತ್ತದೆ.

ವರದಿಯನ್ನು ಡಾಕ್ಯುಮೆಂಟ್ ಫೌಂಡೇಶನ್‌ನ ಬಗ್‌ಜಿಲ್ಲಾ ಎಂಬ ದೋಷ ದಾಖಲಿಸುವ ತಾಣದಲ್ಲಿ ಖಾತೆ ತೆರೆದು ದಾಖಲಿಸಬೇಕು. ಅದಕ್ಕೂ ಮೊದಲು, ಅದೇ ದೋಷವನ್ನು ಬೇರೆಯವರು ದಾಖಲಿಸಿದ್ದಾರೆಯೇ ಎಂದು ಹುಡುಕಿ. ಸರಳ ಇಂಗ್ಲಿಷ್ ಸಾಕು: ಯಾವ ಕ್ರಮದಲ್ಲಿ ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು. ಅಬೌಟ್ ಕಿಟಕಿಯಲ್ಲಿರುವ ಆವೃತ್ತಿಯ ವಿವರವನ್ನು ಹಾಗೆಯೇ ನಕಲಿಸಿ ಅಂಟಿಸಿ, ದೋಷವಿರುವ ಒಂದೇ ಸಾಲಿನ ಕಡತವನ್ನೂ, ಸರಿಯಾದ ರೂಪ ಹೇಗಿರಬೇಕೆಂಬ ಚಿತ್ರವನ್ನೂ ಲಗತ್ತಿಸಿ. ಕನ್ನಡ ಗೊತ್ತಿಲ್ಲದವರಿಗೆ ಆ ಚಿತ್ರವೇ ಆಧಾರ. ವರದಿಯ ಸ್ಥಿತಿ ‘ನೀಡ್‌ಇನ್ಫೊ’ ಎಂದಾದರೆ ನಿಮ್ಮಿಂದ ಇನ್ನಷ್ಟು ಮಾಹಿತಿ ಬೇಕಾಗಿದೆ ಎಂದರ್ಥ. ಇಲ್ಲಿ ಉತ್ತರ ಕೊಡದೆ ಬಿಟ್ಟರೆ ಒಳ್ಳೆಯ ವರದಿಯೂ ಕಾಲಕ್ರಮದಲ್ಲಿ ಮುಚ್ಚಿಹೋಗುತ್ತದೆ. ದಯವಿಟ್ಟು ಹಾಗಾಗಲು ಬಿಡಬೇಡಿ.

ಬೇರೆಯವರು ದಾಖಲಿಸಿದ ದೋಷ ನಿಮ್ಮ ಕಂಪ್ಯೂಟರ್‌ನಲ್ಲೂ ಕಾಣುತ್ತದೆಯೇ ಎಂದು ನೋಡಿ ತಿಳಿಸುವುದೂ ಪೂರ್ಣ ಪ್ರಮಾಣದ ಕೊಡುಗೆಯೇ. ಭಾಷೆಯಲ್ಲಿ ಆಸಕ್ತಿಯುಳ್ಳವರು ವೆಬ್‌ಲೇಟ್ ತಾಣದಲ್ಲಿ ಮೆನು ಮತ್ತು ಸಂದೇಶಗಳ ಕನ್ನಡ ಅನುವಾದಕ್ಕೆ ಕೈಜೋಡಿಸಬಹುದು; ವಾಕ್ಯದ ನಡುವೆ ಬರುವ ಶೇಕಡಾ ಚಿಹ್ನೆ ಅಥವಾ ಡಾಲರ್ ಚಿಹ್ನೆಯ ಸಂಕೇತಗಳನ್ನು ಮಾತ್ರ ಅನುವಾದಿಸದೆ ಹಾಗೆಯೇ ಉಳಿಸಬೇಕು.

ಕೋಡ್ ಬರೆಯುವ ಇಚ್ಛೆಯಿದ್ದರೆ ‘ಈಸಿ ಹ್ಯಾಕ್ಸ್’ ಪಟ್ಟಿಯಿಂದ ಆರಂಭಿಕರಿಗೆಂದು ಗುರುತಿಸಿದ ಒಂದು ಕೆಲಸವನ್ನು ಆಯ್ದುಕೊಳ್ಳಿ. ಮೂಲ ಕೋಡ್ ಬಹುಪಾಲು ಸಿ ಪ್ಲಸ್ ಪ್ಲಸ್‌ನಲ್ಲಿದೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಬಿಲ್ಡ್ ಮಾಡಲು (ಕೋಡ್‌ನಿಂದ ಓಡಬಲ್ಲ ತಂತ್ರಾಂಶ ತಯಾರಿಸಲು) ಹಲವು ಗಂಟೆ ಹಿಡಿಯುವುದರಿಂದ ಅದನ್ನು ರಾತ್ರಿ ಓಡಲು ಬಿಡುವುದು ಒಳ್ಳೆಯದು. ನಿಮ್ಮ ಕೊಡುಗೆ ಎಂಪಿಎಲ್ ಮತ್ತು ಎಲ್‌ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಗಳ ಅಡಿಯಲ್ಲಿದೆ ಎಂಬ ಹೇಳಿಕೆಯನ್ನು ಒಮ್ಮೆ ಕಳುಹಿಸಿ, ಪ್ಯಾಚನ್ನು (ನೀವು ಮಾಡಿದ ಕೋಡ್ ಬದಲಾವಣೆಯನ್ನು) ಗೆರಿಟ್ ಎಂಬ ಕೋಡ್ ಪರಿಶೀಲನಾ ತಾಣಕ್ಕೆ ಸಲ್ಲಿಸಿ. ಪರಿಶೀಲಕರು ತಿದ್ದುಪಡಿ ಕೇಳಿದಾಗ ಹೊಸ ಕಮಿಟ್ (ದಾಖಲಿಸಿದ ಬದಲಾವಣೆ) ಸೇರಿಸದೆ, ಹಳೆಯದನ್ನೇ ತಿದ್ದಿ, ಅಂದರೆ ಅಮೆಂಡ್ ಮಾಡಿ, ಮತ್ತೆ ಕಳುಹಿಸುವುದು ಇಲ್ಲಿನ ಪದ್ಧತಿ. ಹಲವು ಸುತ್ತಿನ ತಿದ್ದುಪಡಿ ಸಹಜ. ಅದನ್ನು ತಿರಸ್ಕಾರವೆಂದು ತಿಳಿದು ಅರ್ಧಕ್ಕೆ ಕೈಬಿಡಬೇಡಿ.

ಕನಿಷ್ಠ 3 ತಿಂಗಳು ಹೀಗೆ ತೊಡಗಿಸಿಕೊಂಡವರು ಫೌಂಡೇಶನ್‌ನ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. ಸದಸ್ಯರಿಗೆ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಮತದಾನದ ಹಕ್ಕಿದೆ. ಅರ್ಜಿಯಲ್ಲಿ ಕೋಡ್ ಮಾತ್ರವಲ್ಲ, ಅನುವಾದ ಮತ್ತು ದೋಷ ಪರಿಶೀಲನೆಯ ಕೆಲಸವನ್ನೂ ನಮೂದಿಸಬಹುದು.